ಪ್ರವಾಸದೊಳಗಿನ ವಾಸ

‘ಪ್ರವಾಸ’ವೆಂಬ ಶಬ್ದದ ಒಡಲಿನಲ್ಲಿಯೇ ‘ವಾಸ’ವಿದೆ. ವ್ಯಾಕರಣವನ್ನು ಓದಿದವರು ಇದನ್ನು ಬಲ್ಲರು. ಪ್ರವಾಸ ಹೊರಡುವವರು ಮರೆಯುವರು. ನಡೆದು ಹೋಗುವುದು ಗಮನ, ಓಡುವುದು ಧಾವನ, ಸುತ್ತುವುದು ಪರ್ಯಟನ, ದೈವವನ್ನು ನೆನೆದು ಹೊರಡುವುದು ಯಾತ್ರೆ. ಸ್ವಸ್ಥಾನವನ್ನು ಬಿಟ್ಟು ಮತ್ತೊಂದೆಡೆಯಲ್ಲಿ ಕೆಲಕಾಲ ನೆಲೆಸಿದರೆ ಮಾತ್ರ ಅದು ಪ್ರವಾಸ. ಬೆಳಗಿನ ಜಾವ ನಾಲ್ಕು ಗಂಟೆಗೆ ಬಸ್ಸನ್ನೇರಿ, ಮದ್ದೂರಿನಲ್ಲಿ ವಡೆ ತಿಂದು, ಶ್ರೀರಂಗಪಟ್ಟಣದಲ್ಲಿ ಚಪ್ಪಲಿ ಬಿಟ್ಟು ಮೆಟ್ಟುವಷ್ಟು ಹೊತ್ತು ನಿಂತು, ಮೈಸೂರಿನ ಅರಮನೆ ಮೃಗಾಲಯಗಳನ್ನು ಮುಗಿಸಿ, ಸಂಜೆ ಬೃಂದಾವನದ ದೀಪಗಳನ್ನು ಕಂಡು, ನಡುರಾತ್ರಿಗೆ ಮನೆ ಸೇರುವ ಕ್ರಮವೊಂದು ನಮ್ಮಲ್ಲಿ ರೂಢಿಯಾಗಿದೆ. ಅದನ್ನು ಧಾವನವೆನ್ನಬಹುದು, ಪ್ರವಾಸವೆನ್ನಲಾಗದು. ವಾಸವಿಲ್ಲದ ಪ್ರವಾಸದಲ್ಲಿ ಊರು ಕಾಣುತ್ತದೆ, ಊರಿನ ಪರಿಚಯವಾಗುವುದಿಲ್ಲ.

ಮಂಡ್ಯ, ಮದ್ದೂರು, ಮಳವಳ್ಳಿಗಳ ಜನರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಪುರಾತನ ನಗರಗಳನ್ನು ನೋಡಲು ಲೋಕದ ಜನರು ಸಮುದ್ರಗಳನ್ನು ದಾಟಿ ಹೋಗುವರು. ಈ ಮೂರು ಊರಿನವರಿಗೋ ಅಂಥದೊಂದು ನಗರವು ತಮ್ಮ ಜಿಲ್ಲೆಯಲ್ಲಿಯೇ, ಕಾವೇರಿಯ ಎರಡು ತೋಳುಗಳ ನಡುವೆ, ಕಟ್ಟಿಕೊಂಡ ಬುತ್ತಿ ಆರುವ ಮೊದಲೇ ತಲಪಬಹುದಾದಷ್ಟು ಸಮೀಪದಲ್ಲಿದೆ. ೧೬೧೦ರಿಂದ ೧೭೯೯ರವರೆಗೆ ರಾಜಧಾನಿಯಾಗಿ ಮೆರೆದ ಆ ಊರನ್ನು ಹಳ್ಳಿಯ ಜನ ಪೂರ್ಣನಾಮದಿಂದ ಕರೆಯುವುದೂ ಇಲ್ಲ. ‘ಪಟ್ಣ’ ಎಂದರೆ ಸಾಕು. ಇಷ್ಟು ಸಲಿಗೆಯ ಊರನ್ನು ನೋಡಲು ಯೋಜನೆಯೇಕೆ, ಸಿದ್ಧತೆಯೇಕೆ? ಹಿತ್ತಲ ಗಿಡ ಮದ್ದಲ್ಲ. ಅನೇಕ ಮನೆತನಗಳವರು ಹಿರಿಯರ ಅಸ್ಥಿಯನ್ನು ಬಿಡಲು ಅಲ್ಲಿನ ಪಶ್ಚಿಮವಾಹಿನಿಗೆ ತಪ್ಪದೆ ಹೋಗುವರು. ಆ ಹಿರಿಯರು ಬದುಕಿದ್ದಾಗ ಅವರೊಡನೆ ಒಂದು ರಾತ್ರಿ ಅಲ್ಲಿ ತಂಗಿದವರು ವಿರಳ. ೨೦೨೩ರ ಮಾರ್ಚ್ ೧೨ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯು ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬದಿಗಿಟ್ಟು ಹೊರಗಿನಿಂದಲೇ ಸಾಗುತ್ತದೆ. ಹಿಂದೆ ದಾರಿಹೋಕನ ಕಣ್ಣಿಗಾದರೂ ಬೀಳುತ್ತಿದ್ದ ಊರುಗಳು ಈಗ ಅಷ್ಟೂ ಬೀಳುವುದಿಲ್ಲ. ಇನ್ನು ಮುಂದೆ ಶ್ರೀರಂಗಪಟ್ಟಣವನ್ನು ನೋಡಬೇಕಾದರೆ, ನೋಡಬೇಕೆಂದೇ ಹೊರಡಬೇಕು.

ಮಳವಳ್ಳಿಯಲ್ಲಿ ಬಹುಕಾಲ ಕನ್ನಡವನ್ನು ಬೋಧಿಸಿ ನಿವೃತ್ತರಾದ ಉಪಾಧ್ಯಾಯರೊಬ್ಬರ ಮನೆಯಲ್ಲಿ ಈ ವಿಷಯವು ಒಂದು ನೋಟ್‌ಪುಸ್ತಕದ ದೆಸೆಯಿಂದ ಚರ್ಚೆಗೆ ಬಂದಿತು. ಅವರ ಮಗಳ ಸಂಸಾರ ಲಂಡನ್ನಿನಲ್ಲಿದೆ. ಹನ್ನೆರಡು ವರ್ಷದ ಮೊಮ್ಮಗಳು, ಒಂಬತ್ತು ವರ್ಷದ ಮೊಮ್ಮಗ. ಇಬ್ಬರೂ ಕನ್ನಡವನ್ನು ಆಡಬಲ್ಲರು, ಓದಲಾರರು. ಬೇಸಗೆಯ ರಜೆಯಲ್ಲಿ, ಎಂದರೆ ಅಲ್ಲಿನ ಬೇಸಗೆ ಇಲ್ಲಿನ ಶ್ರಾವಣವಾದಾಗ, ಮೂರು ವಾರಗಳ ಮಟ್ಟಿಗೆ ತಾತನ ಮನೆಗೆ ಬಂದಿದ್ದರು. ಹಿಂದಿನ ವಸಂತದಲ್ಲಿ ಆ ಸಂಸಾರವು ಇಟಲಿಯ ರೋಮ್ ನಗರದಲ್ಲಿ ಐದು ದಿನಗಳನ್ನು ಕಳೆದಿತ್ತು. ಆ ಐದು ದಿನಗಳಿಗಾಗಿ ತಂದೆಯೂ ಮಗಳೂ ಎರಡು ತಿಂಗಳು ಮೊದಲೇ ಕುಳಿತು ಬರೆದ ಯೋಜನೆ ಆ ನೋಟ್‌ಪುಸ್ತಕದಲ್ಲಿತ್ತು.

ಮೇಷ್ಟರು ಕನ್ನಡಕವನ್ನು ಒರೆಸಿಕೊಂಡು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಕ್ರಿ.ಶ. ೮೦ರಲ್ಲಿ ಉದ್ಘಾಟನೆಯಾದ ಕೊಲೋಸಿಯಂ ಎಂಬ ಮಹಾರಂಗಸ್ಥಲಕ್ಕೆ ಟಿಕೇಟನ್ನು ಇಂಥ ಗಂಟೆಗೆಂದು ಮೊದಲೇ ಕೊಂಡಿರಬೇಕು. ವ್ಯಾಟಿಕನ್ನಿನ ವಸ್ತುಸಂಗ್ರಹಾಲಯವು ತಿಂಗಳ ಕೊನೆಯ ಭಾನುವಾರದ ಹೊರತು ಉಳಿದ ಭಾನುವಾರಗಳಲ್ಲಿ ಮುಚ್ಚಿರುತ್ತದೆ. ಚರ್ಚುಗಳನ್ನು ಪ್ರವೇಶಿಸುವಾಗ ಭುಜವೂ ಮೊಳಕಾಲೂ ಮುಚ್ಚಿರಬೇಕು. ಬೀದಿಗಳಲ್ಲಿ ಸದಾ ಹರಿಯುವ ನಲ್ಲಿಗಳಿರುವುದರಿಂದ ಬರಿಯ ಬಾಟಲಿಯನ್ನು ಒಯ್ದರೆ ಸಾಕು—ಇವೆಲ್ಲವೂ ಅದರಲ್ಲಿದ್ದವು. ಇವುಗಳಿಗಿಂತ ಮೇಷ್ಟರ ಮನಸ್ಸನ್ನು ಸೆಳೆದುದು ಬೇರೊಂದು. ಪ್ರತಿಯೊಂದು ಸ್ಥಳದ ಹೆಸರಿನ ಕೆಳಗೆ ಆ ಹುಡುಗಿ ಒಂದೊಂದು ಪ್ರಶ್ನೆಯನ್ನು ಬರೆದುಕೊಂಡಿದ್ದಳು. ಉತ್ತರಕ್ಕಾಗಿ ಕೆಳಗೆ ಎರಡು ಗೆರೆ ಖಾಲಿ ಬಿಟ್ಟಿದ್ದಳು. ಪ್ರಶ್ನೆಯನ್ನು ಹೊತ್ತು ಹೋದವನಿಗೆ ಮಾತ್ರ ಊರು ಉತ್ತರ ಕೊಡುತ್ತದೆಂಬುದನ್ನು ನಲವತ್ತು ವರ್ಷ ಪಾಠ ಹೇಳಿದವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಪಟ್ಟಣವನ್ನು ನೋಡಿದ್ದೀಯೇನಮ್ಮ?” ಎಂದು ಕೇಳಿದರು.

“ನೋಡಿದ್ದೀನಿ ತಾತ. ಕಾರಲ್ಲಿ ಮೈಸೂರಿಗೆ ಹೋಗುವಾಗ ಅಮ್ಮ ಕೈ ತೋರಿಸಿದ್ದರು.”

ಶ್ರೀರಂಗಪಟ್ಟಣಕ್ಕೂ ಅಂಥದೇ ಒಂದು ಪುಸ್ತಕ ಬರೆಯೋಣವೆಂದು ಮೇಷ್ಟರು ಹೇಳಿದಾಗ ಮೊದಲು ನಕ್ಕವರು ಅವರ ಮಡದಿ. “ಪಟ್ಣಕ್ಕೆ ಹೋಗೋಕೂ ಪುಸ್ತಕ ಬರೀಬೇಕೇನ್ರೀ? ಬೆಳಿಗ್ಗೆ ಬಸ್ಸು ಹತ್ತಿದ್ರೆ ಸಂಜೆ ದೀಪ ಹಚ್ಚೋ ಹೊತ್ತಿಗೆ ಮನೇಲಿರಬೋದು.” ಮೇಷ್ಟರೆಂದರು: “ಆ ಮಾತನ್ನು ನಂಬಿಕೊಂಡೇ ನಲವತ್ತು ವರ್ಷದಿಂದ ನಾವಿಬ್ಬರೂ ಅದನ್ನು ನೋಡಿಲ್ಲ.” ಮಗಳಿಗೆ ತಂದೆಯ ಮಂಡಿನೋವಿನ ಚಿಂತೆ. “ಮುಂದಿನ ಸಲ ಬಂದಾಗ ಹೋದರಾಯಿತಪ್ಪ” ಎಂದಳು. ಹಿಂದಿನ ಸಲವೂ ಅದೇ ಮಾತಾಗಿತ್ತು. ಮೇಷ್ಟರು ಸಾವಧಾನವಾಗಿ ಉತ್ತರ ಕೊಟ್ಟರು: “ನನ್ನನ್ನು ನೀವು ಹೇಗೂ ಒಂದು ದಿನ ಪಶ್ಚಿಮವಾಹಿನಿಗೆ ಕರೆದುಕೊಂಡು ಹೋಗುತ್ತೀರಿ. ಅದಕ್ಕೆ ಮೊದಲು ನಾನು ನಿಮ್ಮನ್ನು ಒಂದು ಸಲ ಕರೆದುಕೊಂಡು ಹೋಗಬೇಕು.” ಆಮೇಲೆ ಯಾರೂ ಎದುರಾಡಲಿಲ್ಲ.

ಸಿದ್ಧತೆಯ ಮೊದಲ ದಿನ ಮೇಷ್ಟರು ಮಕ್ಕಳಿಗೆ ಹೇಳಿದುದು ಶ್ರೀರಂಗಪಟ್ಟಣದ ಕಥೆಯನ್ನಲ್ಲ, ರೋಮಿನವನೊಬ್ಬನ ಕಥೆಯನ್ನು. ಪಿಯೆತ್ರೊ ದೆಲ್ಲಾ ವಾಲ್ಲೆ ರೋಮ್ ನಗರದಲ್ಲಿ ೧೫೮೬ರಲ್ಲಿ ಹುಟ್ಟಿದವನು. ೧೬೧೪ರಲ್ಲಿ ವೆನಿಸ್ಸಿನಿಂದ ಹಡಗನ್ನೇರಿ, ತುರ್ಕರ ನಾಡು, ಪಾರಸೀಕ ದೇಶಗಳನ್ನು ಕಂಡು, ೧೬೨೩ರಲ್ಲಿ ಭಾರತಕ್ಕೆ ಬಂದನು. ಅದೇ ವರ್ಷ ಗೋವೆಯಿಂದ ಪೋರ್ಚುಗೀಸರ ರಾಯಭಾರಿಯ ಜೊತೆಯಲ್ಲಿ ಘಟ್ಟವನ್ನು ಹತ್ತಿ, ವೆಂಕಟಪ್ಪನಾಯಕನು ಆಳುತ್ತಿದ್ದ ಇಕ್ಕೇರಿಗೆ ಹೋದನು. ದಾರಿಯಲ್ಲಿ ದೇವಾಲಯವೊಂದರ ಜಗಲಿಯ ಮೇಲೆ ನಾಲ್ವರು ಬಾಲಕರು ಲೆಕ್ಕ ಕಲಿಯುತ್ತಿದ್ದುದು ಅವನ ಕಣ್ಣಿಗೆ ಬಿತ್ತು. ನೆಲದ ಮೇಲೆ ನುಣುಪಾದ ಮರಳನ್ನು ಹರಡಿಕೊಂಡು, ಒಬ್ಬನು ರಾಗವಾಗಿ ಪಾಠವನ್ನು ಹೇಳುತ್ತ ಬೆರಳಿನಿಂದ ಅಂಕಿಯನ್ನು ಬರೆಯುವನು; ಉಳಿದವರೂ ಅದನ್ನೇ ಹಾಡಿ ಬರೆಯುವರು; ಮರಳು ತುಂಬಿದ ಮೇಲೆ ಅಳಿಸಿ ಮತ್ತೆ ಹರಡುವರು. ಗುರುವಿಲ್ಲದಾಗ ಅನುಮಾನ ಬಂದರೆ ಏನು ಮಾಡುವಿರೆಂದು ಅವನು ಕೇಳಿದನು. ನಾಲ್ವರಿಗೂ ಒಂದೇ ವಿಷಯ ಮರೆತುಹೋಗುವುದು ಸಾಧ್ಯವಿಲ್ಲ; ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ ಎಂದು ಬಾಲಕರು ಉತ್ತರಿಸಿದರು. ಆ ರೋಮನನು ಇದನ್ನು ಮೆಚ್ಚಿ ತನ್ನ ಪತ್ರದಲ್ಲಿ ಬರೆದಿಟ್ಟನು. ಅವನು ಶ್ರೀರಂಗಪಟ್ಟಣಕ್ಕೆ ಬಂದವನಲ್ಲ. ಆದರೆ ಪ್ರವಾಸಿಯು ಹೇಗಿರಬೇಕೆಂಬುದಕ್ಕೆ ಅವನು ಒಳ್ಳೆಯ ನಿದರ್ಶನ. ನಾಯಕನ ದರ್ಬಾರನ್ನು ನೋಡಲು ಹೊರಟವನು ಜಗಲಿಯ ಮೇಲಿನ ಹುಡುಗರ ಮುಂದೆ ನಿಂತನು. ನಿಂತು ಪ್ರಶ್ನೆ ಕೇಳಿದನು.

ಈ ಕಥೆಯಿಂದಲೇ ಎರಡನೆಯ ಸಿದ್ಧತೆ ಹುಟ್ಟಿತು. ಅಗಲವಾದ ಹಿತ್ತಾಳೆಯ ತಟ್ಟೆಯಲ್ಲಿ ಜರಡಿ ಹಿಡಿದ ಮರಳನ್ನು ಹರಡಿ, ದಿನಕ್ಕೆ ಒಂದು ಊರಿನಂತೆ ಮಕ್ಕಳಿಂದ ಹೆಸರುಗಳನ್ನು ತಿದ್ದಿಸುವುದೆಂದಾಯಿತು. ಮೊದಲಿನ ಅಕ್ಷರ ‘ಮ’. ಒಂದು ‘ಮ’ ಬಂದರೆ ಮಳವಳ್ಳಿ, ಮದ್ದೂರು, ಮಂಡ್ಯ ಮೂರಕ್ಕೂ ಬಾಗಿಲು ತೆರೆದಂತಾಯಿತಲ್ಲವೆ? ಮಳವಳ್ಳಿಯಲ್ಲಿ ಳಕಾರದ ಒತ್ತು, ಮದ್ದೂರಿನಲ್ಲಿ ದಕಾರದ ಒತ್ತು ಮತ್ತು ದೀರ್ಘ, ಮಂಡ್ಯದಲ್ಲಿ ಸೊನ್ನೆ ಮತ್ತು ಯಕಾರದ ಒತ್ತು; ಮೂರು ಊರುಗಳಲ್ಲಿ ಕಾಗುಣಿತದ ಬಹುಭಾಗ ಮುಗಿದೇಹೋಯಿತು. ಶ್ರೀರಂಗಪಟ್ಟಣವೆಂಬ ಕಠಿನ ಪದವನ್ನು ಕೊನೆಗೆ ಇಟ್ಟುಕೊಂಡರು. ರೈಲ್ವೆ ನಿಲ್ದಾಣದ ಹಳದಿ ಫಲಕವನ್ನು ಮಕ್ಕಳು ತಾವೇ ಓದಿ ಇಳಿಯಬೇಕು. ಇನ್ನೊಬ್ಬರು ಹೇಳಿ ಇಳಿಸಬಾರದು. ಇದು ನೋಟ್‌ಪುಸ್ತಕದ ಮೊದಲ ನಿಯಮವಾಯಿತು.

ಎರಡನೆಯ ನಿಯಮ, ಗುಂಪಿನಲ್ಲಿ ಅತ್ಯಂತ ನಿಧಾನವಾಗಿ ನಡೆಯುವವರ ಹೆಜ್ಜೆಯೇ ಗುಂಪಿನ ಹೆಜ್ಜೆ ಎಂಬುದು. ಮೇಷ್ಟರ ಮಂಡಿಗಳನ್ನು ಗಮನಿಸಿ ಬೆಳಗ್ಗೆ ಎರಡು ಸ್ಥಳ, ಸಂಜೆ ಒಂದು ಸ್ಥಳ ಎಂದು ನಿಗದಿಯಾಯಿತು. ನಡುಹಗಲು ವಿಶ್ರಾಂತಿ. ದ್ವೀಪದ ಮೇಲೆಯೇ ನದಿಯ ಸದ್ದು ಕೇಳುವೆಡೆಯಲ್ಲಿ ಎರಡು ರಾತ್ರಿ ತಂಗಬೇಕು. ಮೂರನೆಯ ನಿಯಮ, ರಸ್ತೆಯ ಕ್ರಮದಲ್ಲಿ ನೋಡದೆ ಕಾಲದ ಕ್ರಮದಲ್ಲಿ ನೋಡುವುದು. ವಾಹನದ ಚಾಲಕನಿಗೆ ಹತ್ತಿರವಾದುದು ಮೊದಲು, ದೂರದ್ದು ಆಮೇಲೆ, ಇತಿಹಾಸಕ್ಕೆ ಹಾಗಲ್ಲ. ಕಾಲಕ್ರಮವನ್ನು ಕೆಡಿಸಿ ನೋಡಿದ ಹುಡುಗನ ತಲೆಯಲ್ಲಿ ಗಂಗರೂ ಟೀಪುವೂ ಒಂದೇ ದಿನ ಆಳಿದವರಾಗಿ ಉಳಿಯುವರು.

ಹೋಗುವ ದಾರಿ ಹೀಗೆ: ಮಳವಳ್ಳಿಯಿಂದ ಮದ್ದೂರಿಗೆ ಬಸ್ಸು, ಮದ್ದೂರಿನಿಂದ ಮಂಡ್ಯ, ಪಾಂಡವಪುರಗಳ ಮೇಲೆ ಪ್ಯಾಸೆಂಜರ್ ರೈಲು. ದ್ವೀಪನಗರವನ್ನು ಮೊದಲ ಸಲ ಪ್ರವೇಶಿಸುವವರು ನದಿಯನ್ನು ದಾಟುತ್ತಿರುವುದನ್ನು ಅರಿಯಬೇಕು. ಸೇತುವೆಯ ಮೇಲೆ ರೈಲಿನ ಸದ್ದು ಬದಲಾಗುತ್ತಲೇ ಮಕ್ಕಳು ಕಿಟಕಿಗೆ ಬರುವರು. ಹೆದ್ದಾರಿಯ ಕಾರಿನಲ್ಲಿ ಈ ಲಾಭವಿಲ್ಲ. ಈ ಜೋಡಿಮಾರ್ಗಕ್ಕಾಗಿಯೇ ಟೀಪುವಿನ ಕಾಲದ ಮದ್ದಿನಮನೆಯೊಂದನ್ನು ೨೦೧೭ರಲ್ಲಿ ಕೆಡವದೆ, ಇಡಿಯಾಗಿ ಎತ್ತಿ, ನೂರು ಮೀಟರಿಗೂ ಮಿಗಿಲಾದ ದೂರಕ್ಕೆ ಸರಿಸಿ ಕೂರಿಸಿದರು. ರೈಲೂ ಬಂದಿತು, ಕಟ್ಟಡವೂ ಉಳಿಯಿತು. ಮನಸ್ಸಿದ್ದರೆ ಎರಡನ್ನೂ ಮಾಡಬಹುದೆಂಬ ಪಾಠವನ್ನು ಮಕ್ಕಳು ಊರಿಗೆ ಕಾಲಿಡುತ್ತಲೇ ಕಲಿಯಲಿ ಎಂದು ಮೇಷ್ಟರು ಅದನ್ನು ಮೊದಲ ಪುಟದಲ್ಲಿಯೇ ಗುರುತು ಹಾಕಿದರು.

ಮೊದಲ ದಿನ ದೇವಾಲಯಗಳಿಗೆ ಮೀಸಲು. ಶ್ರೀರಂಗನಾಥನ ಗುಡಿಯ ಮೂಲವನ್ನು ಕ್ರಿ.ಶ. ೮೯೪ರಲ್ಲಿ ಗಂಗರ ಸಾಮಂತನಾದ ತಿರುಮಲಯ್ಯನಿಗೆ ಸಲ್ಲಿಸುವರು. ಹೊಯ್ಸಳರೂ ವಿಜಯನಗರದವರೂ ಮೈಸೂರಿನ ಅರಸರೂ ಅದನ್ನು ಬೆಳೆಸಿದರು. ಇದು ಆದಿರಂಗ, ಮಳವಳ್ಳಿಗೆ ಸಮೀಪದ ಶಿವನಸಮುದ್ರದ್ದು ಮಧ್ಯರಂಗ, ತಮಿಳುನಾಡಿನ ಶ್ರೀರಂಗದ್ದು ಅಂತ್ಯರಂಗ. ಒಂದೇ ನದಿಯ ಮೂರು ದ್ವೀಪಗಳಲ್ಲಿ ಒಂದೇ ಮೂರ್ತಿ ಮೂರೆಡೆ ಪವಡಿಸಿದೆಯೆಂದ ಮೇಲೆ, ಮಳವಳ್ಳಿಯ ಮನೆಗೂ ಪಟ್ಟಣಕ್ಕೂ ನಂಟು ಹಳೆಯದಾಯಿತು. ಸಂಜೆಗೆ ನರಸಿಂಹಸ್ವಾಮಿಯ ಗುಡಿ. ಅದನ್ನು ಕಟ್ಟಿಸಿದ ಕಂಠೀರವ ನರಸರಾಜ ಒಡೆಯರ (೧೬೩೮–೧೬೫೯) ಪ್ರತಿಮೆ ಅಲ್ಲಿದೆ. ಅವನ ಆಳಿಕೆಯಲ್ಲಿ, ೧೬೪೮ರಲ್ಲಿ, ಗೋವಿಂದವೈದ್ಯನು ರಚಿಸಿದ ‘ಕಂಠೀರವ ನರಸರಾಜ ವಿಜಯ’ವೆಂಬ ಸಾಂಗತ್ಯ ಕಾವ್ಯವು ಶ್ರೀರಂಗಪಟ್ಟಣದ ಪುರವರ್ಣನೆಯಿಂದಲೂ ಅಲ್ಲಿನ ಮಹಾನವಮಿಯ ವರ್ಣನೆಯಿಂದಲೂ ತುಂಬಿದೆ. ರೋಮಿಗೆ ಹೋಗುವವರು ಕೊಳ್ಳುವ ಮಾರ್ಗದರ್ಶಿಗಳಿಗೆ ಅದೇನೂ ಕಡಮೆಯಲ್ಲ. ಬೀದಿ, ಪೇಟೆ, ಆಸ್ಥಾನ, ಉತ್ಸವ, ಎಲ್ಲವನ್ನೂ ಕಣ್ಣಾರೆ ಕಂಡವನು ಹಾಡಿನಂತೆ ಹೇಳಿದ್ದಾನೆ. ಆ ಅರಸನ ಪ್ರತಿಮೆಯ ಎದುರಿಗೆ ನಿಂತು ಅದರ ಒಂದು ಭಾಗವನ್ನು ಓದಿ ಅರ್ಥ ಹೇಳುವ ಹೊಣೆ ಮೇಷ್ಟರದು.

ರಾತ್ರಿ ಮಲಗುವ ಮುನ್ನ ಒಂದು ಕಥೆ. ಮೊದಲ ರಾತ್ರಿಗೆ ಸಂಚಿಯ ಹೊನ್ನಮ್ಮನದು. ಎಳಂದೂರಿನ ಆ ಹೆಣ್ಣುಮಗಳು ಚಿಕ್ಕದೇವರಾಜ ಒಡೆಯರ ಅಂತಃಪುರದಲ್ಲಿ ಎಲೆಯಡಿಕೆಯ ಸಂಚಿಯನ್ನು ಹಿಡಿಯುವ ಕೆಲಸದಲ್ಲಿದ್ದವಳು. ಅವಳು ‘ಹದಿಬದೆಯ ಧರ್ಮ’ವನ್ನು ಬರೆದು, ಹೆಣ್ಣುಮಕ್ಕಳನ್ನು ಹೀಗಳೆಯುವವರಿಗೆ ಹೆಣ್ಣೊಬ್ಬಳು ಕೊಡಬೇಕಾದ ಉತ್ತರವನ್ನು ಅದರಲ್ಲಿ ಸೇರಿಸಿದಳು. ಅವಳಿಗೆ ಕಾವ್ಯಾಭ್ಯಾಸ ಮಾಡಿಸಿದ ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’ವು ನಮಗೆ ದೊರೆತಿರುವ ಕನ್ನಡ ನಾಟಕಗಳಲ್ಲಿ ಮೊದಲನೆಯದು. ಕೋಟೆಯೆಂದರೆ ಕತ್ತಿಯಷ್ಟೇ ಅಲ್ಲ, ಕಂಠವೂ ಹೌದು ಎಂಬುದು ಮೊಮ್ಮಗಳಿಗೆ ತಿಳಿಯಬೇಕು.

ಎರಡನೆಯ ದಿನವು ಹೈದರ್ ಮತ್ತು ಟೀಪುವಿನದು. ೧೭೮೪ರ ದರಿಯಾ ದೌಲತ್, ಗುಂಬಜ್, ಎರಡು ಮಿನಾರುಗಳ ಮಸೀದಿ, ೧೭೯೯ರ ಮೇ ೪ರಂದು ಟೀಪುವಿನ ದೇಹ ದೊರೆತ ಸ್ಥಳ—ಇವು ಪಟ್ಟಿಯಲ್ಲಿವೆ. ದರಿಯಾ ದೌಲತಿನ ಗೋಡೆಗೆ ಒಂದು ಬೆಳಗನ್ನೇ ಬಿಟ್ಟುಕೊಟ್ಟರು. ೧೭೮೦ರಲ್ಲಿ ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ಇಂಗ್ಲಿಷ್ ಸೈನ್ಯ ಸೋತ ಬಗೆ ಆ ಗೋಡೆಯ ಮೇಲೆ ಚಿತ್ರಿತವಾಗಿದೆ. ಪಟ್ಟಣವನ್ನು ಗೆದ್ದ ಇಂಗ್ಲಿಷರು ಅದನ್ನು ಅಳಿಸಿಹಾಕಬಹುದಾಗಿತ್ತು. ಹಾಗಾಗಲಿಲ್ಲ. ಆ ಮನೆಯಲ್ಲಿ ವಾಸವಾಗಿದ್ದ ಆರ್ಥರ್ ವೆಲ್ಲೆಸ್ಲಿಯೂ, ಮುಂದೆ ಡಾಲ್‌ಹೌಸಿಯೂ ಅದನ್ನು ಜೀರ್ಣೋದ್ಧಾರ ಮಾಡಿಸಿದರು. ರೋಮಿನಲ್ಲಿ ಮಕ್ಕಳು ಕಂಡ ಟೈಟಸ್ಸನ ವಿಜಯದ್ವಾರದ ಮೇಲೆ ಜೆರೂಸಲೇಮಿನಿಂದ ಲೂಟಿ ಹೊತ್ತು ಬರುವ ಗೆದ್ದವರ ಮೆರವಣಿಗೆಯಿದೆ; ಅದು ಗೆದ್ದವರೇ ಕೆತ್ತಿಸಿದ್ದು. ಇಲ್ಲಿ ತಮ್ಮ ಸೋಲಿನ ಚಿತ್ರವನ್ನು ಗೆದ್ದವರು ಉಳಿಸಿಕೊಟ್ಟರು. ಏಕೆ? ಮೊಮ್ಮಗಳು ಈ ಪ್ರಶ್ನೆಯನ್ನು ಬರೆದುಕೊಂಡು ಎರಡಕ್ಕೆ ಬದಲಾಗಿ ನಾಲ್ಕು ಗೆರೆ ಖಾಲಿ ಬಿಟ್ಟಳು.

ಮೊಮ್ಮಗನ ಪ್ರಶ್ನೆ ಬೇರೆ. ಇಂಗ್ಲಿಷ್ ಸಿಪಾಯಿಯ ಮೇಲೆ ಎರಗಿರುವ ಟೀಪುವಿನ ಮರದ ಹುಲಿಯನ್ನು ಅವನು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಕಂಡಿದ್ದನು. ಅದು ತಾತನ ಜಿಲ್ಲೆಯಿಂದ ಹೋದದ್ದೆಂದು ಅವನಿಗೆ ತಿಳಿದಿರಲಿಲ್ಲ. “ಹಾಗಾದರೆ ಅದು ಇದ್ದ ಮನೆ ಎಲ್ಲಿದೆ ತಾತ?” ಎಂದನು. ಆ ಅರಮನೆ ಇಂದು ಇಲ್ಲ, ಅಡಿಪಾಯದ ಗುರುತುಗಳಿವೆ. ದ್ವೀಪದ ಮತ್ತೊಂದು ಅರಮನೆಯಾದ ಲಾಲ್‌ಬಾಗಿನ ತೊಲೆಗಳು ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ಮಾಡನ್ನು ಹೊತ್ತಿವೆ. ಕೊಲೋಸಿಯಮ್ಮಿನ ಕಲ್ಲುಗಳನ್ನೂ ಶತಮಾನಗಳ ಕಾಲ ಬೇರೆ ಕಟ್ಟಡಗಳಿಗೆ ಕಿತ್ತೊಯ್ದರು. ಹಳೆಯ ನಗರದ ಅವಯವಗಳು ಹೀಗೆ ಹಲವೆಡೆ ಚದರಿರುತ್ತವೆ. ಅವನ್ನು ಮನಸ್ಸಿನಲ್ಲಿ ಕೂಡಿಸಿ ನೋಡುವ ಶಕ್ತಿ ಸಿದ್ಧತೆಯಿಂದ ಬರುತ್ತದೆ. ಮೇಷ್ಟರು ಹುಡುಗನಿಗೆ ಇನ್ನೊಂದು ಸ್ಥಳವನ್ನೂ ಗುರುತು ಹಾಕಿಕೊಟ್ಟರು: ೧೭೯೪ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಹುಟ್ಟಿದ ತಾಣ. ಐದು ವರ್ಷದ ಆ ಮಗುವನ್ನು ೧೭೯೯ರ ಜೂನ್ ೩೦ರಂದು ಮೈಸೂರಿನಲ್ಲಿ ಪಟ್ಟಕ್ಕೆ ಕೂರಿಸಿದರು. ರಾಜಧಾನಿ ದ್ವೀಪವನ್ನು ಬಿಟ್ಟು ಹೊರಟುಹೋಯಿತು.

ಮೂರನೆಯ ದಿನ ನೀರಿನದು. ದಿವಾನ್ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ ೧೮೦೪ರಲ್ಲಿ ಮುಗಿದ, ಕಲ್ಲುಕಂಬಗಳ ಮೇಲೆ ನಿಂತ ವೆಲ್ಲೆಸ್ಲಿ ಸೇತುವೆ. ಕಂಠೀರವ ನರಸರಾಜರ ಹೆಸರಿನೊಡನೆ ಸೇರಿಕೊಂಡಿರುವ ಬಂಗಾರದೊಡ್ಡಿ ನಾಲೆ. ಕಡೆಗೆ ಕಾವೇರಿಯ ಎರಡು ಕವಲುಗಳು ಮತ್ತೆ ಒಂದಾಗುವ ಸಂಗಮ. ರೋಮಿನವರು ದೂರದ ಬೆಟ್ಟಗಳಿಂದ ಕಮಾನುಗಳ ಮೇಲೆ ನೀರು ತಂದುದನ್ನು ಮಕ್ಕಳು ಬೆರಗಿನಿಂದ ವರ್ಣಿಸಿದ್ದರು. ಸುತ್ತಲೂ ನೀರಿದ್ದ ಊರಿನವರಿಗೂ ನೀರನ್ನು ಬೇಕಾದೆಡೆಗೆ ತರುವ ವಿದ್ಯೆ ಬೇಕಾಗಿತ್ತೆಂಬುದನ್ನು ಅವರು ಇಲ್ಲಿ ಕಾಣುವರು. ಶ್ರಾವಣದಲ್ಲಿ ಕನ್ನಂಬಾಡಿ ಕಟ್ಟೆಯಿಂದ ನೀರು ಬಿಡುವ ಕಾರಣ, ಸಂಗಮದಲ್ಲಿ ಯಾರೂ ಮೆಟ್ಟಿಲು ಇಳಿಯಕೂಡದೆಂದು ಅಜ್ಜಿಯ ಆಜ್ಞೆಯ ಮೇರೆಗೆ ಕೆಂಪುಮಸಿಯಲ್ಲಿ ಬರೆದಾಯಿತು. ಹಿಂತಿರುಗುವುದು ಅರಕೆರೆ, ಬನ್ನೂರುಗಳ ಮೇಲೆ ಹಳೆಯ ದಾರಿಯಲ್ಲಿ. ನದಿಯೂ ಅದೇ ದಿಕ್ಕಿಗೆ, ಮಧ್ಯರಂಗದ ಕಡೆಗೆ ಹರಿಯುತ್ತದೆ.

ಇಷ್ಟಾದ ಮೇಲೆ ಕೊನೆಯ ಪುಟದಲ್ಲಿ ಮೇಷ್ಟರು ಏನನ್ನೂ ಬರೆಯಲಿಲ್ಲ. ಅದು ಮಕ್ಕಳು ಹಿಂದಿರುಗಿ ಬಂದು ಕನ್ನಡದಲ್ಲಿ ಬರೆಯಬೇಕಾದ ಪುಟ. ಒಂದು ವಾಕ್ಯವಾದರೂ ಸರಿ, ಅಕ್ಷರ ಸೊಟ್ಟಗಾದರೂ ಸರಿ. ಮಾತಿನಲ್ಲಿ ಮಾತ್ರ ಉಳಿದ ಕನ್ನಡ ಒಂದು ತಲೆಮಾರಿನ ನಂತರ ದಣಿಯುತ್ತದೆ. ಊರನ್ನು ತನ್ನ ಕೈಯಾರೆ ಬರೆದ ಮಗು ಆ ಊರನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಆ ಪುಟಕ್ಕಾಗಿಯೇ ಉಳಿದ ಪುಟಗಳೆಂದರೂ ಸಲ್ಲುತ್ತದೆ.

ಒಂದು ಮನೆಯಲ್ಲಿ ಸಾಧ್ಯವಾದುದು ಶಾಲೆಗಳಲ್ಲಿ ಏಕೆ ಸಾಧ್ಯವಾಗಬಾರದು? ಶೈಕ್ಷಣಿಕ ಪ್ರವಾಸವೆಂಬ ಹೆಸರಿನಲ್ಲಿ ಒಂದೇ ದಿನ ಐದಾರು ಊರುಗಳನ್ನು ಸುತ್ತಿಸಿ, ದರಿಯಾ ದೌಲತಿನ ಹುಲ್ಲಿನ ಮೇಲೆ ತೂಕಡಿಸುವ ಮಕ್ಕಳನ್ನು ಎಣಿಸಿ ಬಸ್ಸಿಗೆ ತುಂಬುವ ಕಷ್ಟವನ್ನು ಉಪಾಧ್ಯಾಯ ಬಂಧುಗಳೆಲ್ಲರೂ ಅನುಭವಿಸಿದ್ದಾರೆ. ದೂರದ ಊರುಗಳಿಗೆ ಡೀಸೆಲ್ಲಿಗೆ ಸುರಿಯುವ ಹಣವನ್ನು ಸಮೀಪದ ಊರಿನಲ್ಲಿ ಮಕ್ಕಳ ಅನ್ನಕ್ಕೂ ವಸತಿಗೂ ತಿರುಗಿಸಬಹುದು. ಒಂದು ತರಗತಿ, ಒಂದು ಊರು, ಎರಡು ರಾತ್ರಿ. ಹೊರಡುವ ಮೊದಲು ಹದಿನೈದು ದಿನಗಳ ಓದು. ಪ್ರತಿಯೊಬ್ಬ ವಿದ್ಯಾರ್ಥಿಯ ಕೈಯಲ್ಲೂ ತಾನೇ ಬರೆದ ಒಂದು ಪ್ರಶ್ನೆ. ದೇಶಾಂತರದಲ್ಲಿ ನೆಲೆಸಿ ರಜೆಗೆ ಊರಿಗೆ ಬರುವ ಹಳೆಯ ವಿದ್ಯಾರ್ಥಿಗಳು ಒಂದೊಂದು ಸಂಜೆ ಆ ಮಕ್ಕಳ ನಡುವೆ ಕುಳಿತು, ತಾವು ಕಂಡ ನಗರಗಳನ್ನು ವರ್ಣಿಸಬಹುದು. ಕಟ್ಟಡಗಳಿಗೆ ಉದಾರವಾಗಿ ನೀಡುವ ದಾನಿಗಳು ಒಂದು ತರಗತಿಯ ಎರಡು ರಾತ್ರಿಗಳ ವೆಚ್ಚವನ್ನು ವಹಿಸಿಕೊಂಡರೆ ಅದೂ ವಿದ್ಯಾದಾನವೇ.

ರೋಮಿಗೂ ಹೋಗಬೇಕು. ಅದನ್ನು ನೋಡಿದ ಕಣ್ಣಿಗೆ ಶ್ರೀರಂಗಪಟ್ಟಣ ಚಿಕ್ಕದಾಗಿ ತೋರೀತೆಂಬ ಅಳುಕು ಬೇಡ. ಹೋಲಿಕೆಯಿಂದ ಎರಡೂ ಸ್ಪಷ್ಟವಾಗುವುವು. ರೋಮಿಗೆ ಹೋಗುವಾಗ ಕೈಗೊಳ್ಳುವ ಸಿದ್ಧತೆಯ ಕಾಲುಭಾಗವನ್ನಾದರೂ ಪಟ್ಟಣಕ್ಕೆ ಹೋಗುವಾಗಲೂ ಕೈಗೊಳ್ಳಬೇಕು. ಹಿರಿಯರ ಕಾಲುಗಳಿಗೆ ಶಕ್ತಿಯಿರುವಾಗ, ಮಕ್ಕಳಿಗೆ ಕೇಳುವ ಮನಸ್ಸಿರುವಾಗ, ಈ ರಜೆಯಲ್ಲಿಯೇ ಹೊರಡಬೇಕು. ಹೊರಟವರು ಒಂದು ರಾತ್ರಿಯಾದರೂ ಅಲ್ಲಿ ತಂಗಬೇಕು.